ಬೈಬಲ್ಲಿನ ದೈವವಾಚಕ ‘ಬಂಡೆ’: ರೂಪಕ, ಅನುವಾದ ಮತ್ತು ಲಿಂಗವ್ಯವಸ್ಥೆ

ಕ್ರೈಸ್ತ ಧರ್ಮಗ್ರಂಥದಲ್ಲಿ ದೇವರನ್ನು ಬಂಡೆಯೆಂದು ಕರೆಯುವ ರೂಢಿಯು ಹೀಬ್ರೂ ಭಾಷೆಯ ಹಳೆಯ ಒಡಂಬಡಿಕೆಯಿಂದ ಬಂದುದು. ಈ ರೂಪಕವನ್ನು ದೃಢತೆಯ ಸಂಕೇತವೆಂದಷ್ಟೇ ವಿವರಿಸುವುದು ವಾಡಿಕೆ. ಆದರೆ ಅನುವಾದವು ಬಂಡೆಯನ್ನು ಕೈಬಿಟ್ಟು ಅದರ ತಾತ್ಪರ್ಯವನ್ನು ಮಾತ್ರ ಉಳಿಸಿಕೊಂಡಾಗ ಪಠ್ಯದ ಆಂತರಿಕ ಸಂಬಂಧಗಳೇ ಕಡಿದುಹೋಗುತ್ತವೆ. ಮೋಶೆಯ ಗೀತವೆಂದು ಪ್ರಸಿದ್ಧವಾದ ಧರ್ಮೋಪದೇಶಕಾಂಡದ 32ನೆಯ ಅಧ್ಯಾಯವನ್ನು ಆಧರಿಸಿ ನಾವಿಲ್ಲಿ ಇದನ್ನು ಪರಿಶೀಲಿಸುತ್ತೇವೆ.

ಹೀಬ್ರೂವಿನಲ್ಲಿ ‘ತ್ಸೂರ್’ ಮತ್ತು ‘ಸೆಲ’ ಎಂಬ ಪದಗಳು ನೆಲಕ್ಕೆ ಬೇರೂರಿದಂತಿರುವ ಬಂಡೆಯನ್ನು, ಕಡಿದಾದ ಶಿಲಾಶಿಖರವನ್ನು ಸೂಚಿಸುತ್ತವೆ. ಎತ್ತಬಹುದಾದ, ಕಡೆಯಬಹುದಾದ ಕಲ್ಲಿಗೆ ‘ಎವೆನ್’ ಎಂಬ ಬೇರೆ ಪದವಿದೆ. ಕನ್ನಡದ ‘ಬಂಡೆ’ ಮತ್ತು ‘ಕಲ್ಲು’ಗಳ ನಡುವಣ ಭೇದ ಇದಕ್ಕೆ ಸಮೀಪವಾದುದು. ದೈವವಾಚಕವಾಗಿ ಬಹುಮಟ್ಟಿಗೆ ಬರುವವು ಮೊದಲಿನ ಎರಡು. ‘ಎವೆನ್’ ಆ ಸ್ಥಾನದಲ್ಲಿ ಬರುವ ಆದಿಕಾಂಡ 49:24 ವಿರಳ ನಿದರ್ಶನ. ತಮ್ಮನ್ನು ಹೆತ್ತದ್ದು ಕಲ್ಲು ಎನ್ನುವವರನ್ನು ಯೆರೆಮೀಯ 2:27 ಹಳಿಯುತ್ತದೆ. ಅಲ್ಲಿಯ ಪದ ‘ಎವೆನ್’. ಜನರನ್ನು ಹುಟ್ಟಿಸಿದ ಬಂಡೆಯನ್ನು ಅವರು ಮರೆತರೆಂದು ಧರ್ಮೋಪದೇಶಕಾಂಡ 32:18 ದೂರುತ್ತದೆ. ಇಲ್ಲಿಯ ಪದ ‘ತ್ಸೂರ್’. ನಿಂದೆಗೂ ಸ್ತುತಿಗೂ ಒಂದೇ ಚಿತ್ರ ಒದಗಿದರೂ ಪದಗಳು ಬೇರೆ.

ಕೀರ್ತನೆ 18:2ರಲ್ಲಿ ಬಂಡೆಯು ಕೋಟೆ, ಗುರಾಣಿಗಳ ಜೊತೆಯಲ್ಲಿ ಬರುತ್ತದೆ. ಆದ್ದರಿಂದ ಅಲ್ಲಿ ಪ್ರಧಾನವಾದುದು ಕಾಠಿಣ್ಯವಲ್ಲ, ಶತ್ರುವಿಗೆ ಸಿಗದಂತೆ ಹತ್ತಿ ನಿಲ್ಲಬಹುದಾದ ಆಶ್ರಯ. ಉಪಮೇಯ, ಉಪಮಾನಗಳೆರಡೂ ಉಕ್ತವಾಗಿರುವುದರಿಂದ ಅದು ರೂಪಕ. ಮೋಶೆಯ ಗೀತದ 4ನೆಯ ವಚನದಲ್ಲಾದರೋ ‘ಬಂಡೆ’ ಎಂಬುದೇ ದೇವರ ಹೆಸರಾಗಿ ನಿಲ್ಲುತ್ತದೆ. ನಮ್ಮ ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ, ಉಪಮಾನವು ಉಪಮೇಯವನ್ನು ನುಂಗಿಕೊಂಡ ಇದು ರೂಪಕಾತಿಶಯೋಕ್ತಿ.

ಸೆಪ್ಟುಅಜಿಂಟ್ ಎಂಬ ಪ್ರಾಚೀನ ಗ್ರೀಕ್ ಅನುವಾದವು ಇದೇ ಗೀತದಲ್ಲಿ ‘ತ್ಸೂರ್’ ಪದವನ್ನು ಎರಡು ಬಗೆಯಾಗಿ ನಡೆಸಿಕೊಳ್ಳುತ್ತದೆ. ಗಟ್ಟಿ ಬಂಡೆಯಿಂದ ಎಣ್ಣೆ ಒಸರುವ 13ನೆಯ ವಚನದಲ್ಲಿ ಅದು ‘ಪೆತ್ರಾ’, ಅಂದರೆ ಬಂಡೆ. 4, 15, 18, 30, 31ನೆಯ ವಚನಗಳಲ್ಲಿ ಅದು ‘ಥೆಯೋಸ್’, ಅಂದರೆ ದೇವರು. ಶಿಲಾಪೂಜೆಯ ಶಂಕೆಗೆ ಎಡೆಗೊಡಬಾರದೆಂಬ ಎಚ್ಚರ ಇದಕ್ಕೆ ಕಾರಣವಿರಬಹುದೆಂಬ ವಿವರಣೆಯುಂಟು. ಕಾರಣವೇನೇ ಇರಲಿ, ಅನ್ಯರ ಬಂಡೆ ನಮ್ಮ ಬಂಡೆಯಂತಲ್ಲ ಎಂಬ 31ನೆಯ ವಚನದ ವ್ಯಂಗ್ಯ ಗ್ರೀಕಿನಲ್ಲಿ ದೇವರುಗಳ ನೇರ ಹೋಲಿಕೆಯಾಗಿ ಸಪ್ಪೆಯಾಗುತ್ತದೆ.

ಇದರ ಪರಿಣಾಮ ಹೊಸ ಒಡಂಬಡಿಕೆಗೂ ಚಾಚಿದೆ. 1 ಕೊರಿಂಥ 10:4ರಲ್ಲಿ ಪೌಲನು, ಅರಣ್ಯದಲ್ಲಿ ಜನರಿಗೆ ನೀರು ಕೊಟ್ಟ ಬಂಡೆಯನ್ನು ಕ್ರಿಸ್ತನೊಡನೆ ಸಮೀಕರಿಸುತ್ತಾನೆ. ಅವನ ಪದ ‘ಪೆತ್ರಾ’. ಆ ಕಥೆಯ ಬಂಡೆ ವಿಮೋಚನಕಾಂಡ 17:6ರಲ್ಲಿ ‘ತ್ಸೂರ್’, ಅರಣ್ಯಕಾಂಡ 20:8ರಲ್ಲಿ ‘ಸೆಲ’. ವಾಚ್ಯಾರ್ಥದ ಬಂಡೆಗಳಾದುದರಿಂದ ಗ್ರೀಕಿನಲ್ಲಿ ಎರಡೂ ‘ಪೆತ್ರಾ’ ಆಗಿಯೇ ಉಳಿದವು. ಹೀಬ್ರೂ ಬಲ್ಲವನು ಪೌಲನ ಮಾತಿನಲ್ಲಿ ಮೋಶೆಯ ಗೀತದ ದೈವನಾಮದ ಅನುರಣನವನ್ನೂ ಕೇಳಬಲ್ಲನು. ಗ್ರೀಕ್ ಪಠ್ಯವನ್ನಷ್ಟೇ ಓದುವವನಿಗೆ ಆ ಗೀತದಲ್ಲಿ ಬಂಡೆಯೆಂಬ ದೇವರೇ ಇಲ್ಲ.

ಕನ್ನಡಕ್ಕೆ ತರುವಾಗ ತೊಡಕು ಪದಕೋಶದಲ್ಲಿಲ್ಲ, ವ್ಯಾಕರಣದಲ್ಲಿದೆ. ಹೀಬ್ರೂ ‘ತ್ಸೂರ್’ ಪುಲ್ಲಿಂಗ. ಅದರ ಕ್ರಿಯಾಪದ ಬಂಡೆಗೂ ದೇವರಿಗೂ ಏಕಕಾಲಕ್ಕೆ ಹೊಂದುತ್ತದೆ. ಕನ್ನಡದ ‘ಬಂಡೆ’ ನಪುಂಸಕ. ‘ಹೆತ್ತ ಬಂಡೆ’ ಎಂಬಲ್ಲಿ ಕೃದಂತಕ್ಕೆ ಲಿಂಗಸೂಚನೆ ಇಲ್ಲದಿರುವುದರಿಂದ ಅಲಂಕಾರ ಕೆಡುವುದಿಲ್ಲ. ಆದರೆ 30ನೆಯ ವಚನದಲ್ಲಿ ಬಂಡೆಯೇ ತನ್ನ ಜನರನ್ನು ಮಾರಿಬಿಡುವ ಪ್ರಸಂಗ ಬಂದಾಗ ‘ಮಾರಿತು’, ‘ಮಾರಿದನು’ಗಳಲ್ಲಿ ಒಂದನ್ನು ಆರಿಸಲೇಬೇಕು. ಮೊದಲನೆಯದರಲ್ಲಿ ದೇವರು ಮರೆಯಾಗುತ್ತಾನೆ. ಎರಡನೆಯದು ‘ಬಂಡೆ’ಯೊಡನೆ ಅನ್ವಯಿಸದು. ‘ಬಂಡೆಯಾದಾತನು’ ಎಂದರೆ ಅನ್ವಯ ಸರಿಹೋಗುತ್ತದೆ, ಅತಿಶಯೋಕ್ತಿಯು ರೂಪಕಕ್ಕೆ ಇಳಿಯುತ್ತದೆ.

ಈ ಕೊನೆಯ ನಷ್ಟವನ್ನು ಒಪ್ಪಿಕೊಳ್ಳುವುದೇ ಲೇಸೆಂಬುದು ನಮ್ಮ ನಿಲುವು. ರೂಪಕಕ್ಕೆ ಇಳಿದರೂ ಬಂಡೆ ಪಠ್ಯದಲ್ಲಿ ಉಳಿಯುತ್ತದೆ. ಎಣ್ಣೆ ಒಸರುವ ಬಂಡೆ, ಮರೆತುಹೋದ ಬಂಡೆ, ಪೌಲನ ಬಂಡೆ ಇವುಗಳ ನಂಟು ಓದುಗನಿಗೆ ಕಾಣುತ್ತದೆ. ತಾತ್ಪರ್ಯವನ್ನು ಅಡಿಟಿಪ್ಪಣಿಯಲ್ಲಿ ಕೊಡಬಹುದು. ಕಡಿದ ನಂಟನ್ನು ಅಡಿಟಿಪ್ಪಣಿ ಮತ್ತೆ ಬೆಸೆಯಲಾರದು.