ಗೇರ್ ಬಾಕ್ಸ್ ಬಿಚ್ಚುವ ಮುನ್ನ

1982ರಲ್ಲಿ ಅಮೆರಿಕದ ಯಾವ ಷೆವರ್ಲೆ ಷೋರೂಮಿಗೆ ಹೋದರೂ ಕ್ಲಚ್ ಪೆಡಲ್ ಇರುವ ಹೊಸ ಕಾರ್ವೆಟ್ ಸಿಗುತ್ತಿರಲಿಲ್ಲ. ಆ ವರ್ಷದ ಕಾರ್ವೆಟ್‌ಗೆ ಇದ್ದದ್ದು ಒಂದೇ ಗೇರ್ ಬಾಕ್ಸ್, ಅದೂ ಆಟೊಮ್ಯಾಟಿಕ್. ಸ್ಪೋರ್ಟ್ಸ್ ಕಾರನ್ನು ಕೈಯಲ್ಲಿ ಗೇರ್ ಹಾಕಿಯೇ ಓಡಿಸಬೇಕು ಎನ್ನುವವರ ಕಣ್ಣಿಗೆ ಇದು ಅಪಚಾರ. ಆದರೆ 1953ರಲ್ಲಿ ತಯಾರಾದ ಮೊಟ್ಟಮೊದಲ 300 ಕಾರ್ವೆಟ್‌ಗಳಿಗೂ ಎರಡೇ ಗೇರಿನ ಪವರ್‌ಗ್ಲೈಡ್ ಆಟೊಮ್ಯಾಟಿಕ್ ಇತ್ತು. ಸಂಪ್ರದಾಯದ ಮಾತೆತ್ತುವವರು ಇದನ್ನೂ ನೆನಪಿಟ್ಟುಕೊಳ್ಳಬೇಕು.

1982ರ ಆ ಗೇರ್ ಬಾಕ್ಸಿನ ಹೆಸರು 700ಆರ್4. ಹಿಂದಿನ ಮೂರು ಗೇರಿನ ಜಾಗದಲ್ಲಿ ಇದಕ್ಕೆ ನಾಲ್ಕು. ಮೊದಲ ಗೇರಿನಲ್ಲಿ ಎಂಜಿನ್ 3.06 ಸುತ್ತು ತಿರುಗಿದರೆ ಹೊರಗಿನ ಶಾಫ್ಟ್ ಒಂದು ಸುತ್ತು ಬರುತ್ತದೆ. ನಾಲ್ಕನೆಯದರಲ್ಲಿ ಅಷ್ಟಕ್ಕೆ 0.70 ಸುತ್ತೇ ಸಾಕು. ಇದರ ಹಿಂದೆ ಸರ್ಕಾರದ ಒತ್ತಡವಿತ್ತು. 1973ರ ತೈಲ ಬಿಕ್ಕಟ್ಟಿನ ಬಿಸಿ ತಟ್ಟಿದ ಮೇಲೆ 1975ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು: ಒಂದು ಕಂಪನಿಯ ಪ್ರಯಾಣಿಕ ಕಾರುಗಳ ಸರಾಸರಿ ಮೈಲೇಜು 1978ಕ್ಕೆ ಗ್ಯಾಲನ್ನಿಗೆ 18 ಮೈಲಿ, 1985ಕ್ಕೆ 27.5 ಮೈಲಿ ಮುಟ್ಟಬೇಕು. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 7.7 ಮತ್ತು 11.7 ಕಿಲೊಮೀಟರ್. ಎಂಜಿನ್ ನಿಧಾನವಾಗಿ ತಿರುಗುತ್ತಲೇ ಕಾರು ವೇಗವಾಗಿ ಓಡುವ ನಾಲ್ಕನೇ ಗೇರು, ಅಂದರೆ ಓವರ್‌ಡ್ರೈವ್, ಹೀಗೆ ಬಂತು. 1984ರಿಂದ 1996ರವರೆಗೆ ಬಂದ ನಾಲ್ಕನೇ ತಲೆಮಾರಿನ ಆಟೊಮ್ಯಾಟಿಕ್ ಕಾರ್ವೆಟ್‌ಗಳಲ್ಲೆಲ್ಲ ಇದೇ ಗೇರ್ ಬಾಕ್ಸು, ಇಲ್ಲವೇ ಇದರ ಸಂತಾನ ಇದೆ.

ಆ ಕಾರುಗಳಿಗೆ ಈಗ ಮೂವತ್ತು ನಲವತ್ತು ವರ್ಷ. ಒಂದಲ್ಲ ಒಂದು ದಿನ ಗೇರ್ ಜಾರುತ್ತದೆ, ಎಂಜಿನ್ ಅರಚುತ್ತದೆ, ಕಾರು ಮುಂದೆ ಹೋಗುವುದಿಲ್ಲ. ‘ಗೇರ್ ಬಾಕ್ಸ್ ಹೋಯ್ತು’ ಎಂಬ ತೀರ್ಪು ಬೋನೆಟ್ ಎತ್ತುವ ಮೊದಲೇ ಬಂದಿರುತ್ತದೆ. ಈ ತೀರ್ಪನ್ನು ನಾನು ಸುಲಭಕ್ಕೆ ಒಪ್ಪುವವನಲ್ಲ. ಈ ಯಂತ್ರದಲ್ಲಿ ತೊಂದರೆ ಕಾಣುವುದು ಗೇರ್ ಬಾಕ್ಸಿನಲ್ಲಾದರೂ ಕಾರಣ ಎಷ್ಟೋ ಸಲ ಅದರ ಹೊರಗಿರುತ್ತದೆ. ಒಳಗೇ ಇದ್ದರೂ ಯಾವ ಭಾಗ ಕೆಟ್ಟಿದೆ ಎಂಬುದನ್ನು, ಒಂದು ಬೋಲ್ಟೂ ಬಿಚ್ಚದೆ, ಕಾರಿನಿಂದಲೇ ಹೇಳಿಸಬಹುದು.

ಮೊದಲು ಅದು ಕೆಲಸ ಮಾಡುವ ಬಗೆ. ನಮ್ಮಲ್ಲಿ ಸಣ್ಣ ಕಾರುಗಳಿಗೆ ಬರುವ ಎಎಂಟಿಯನ್ನು ಇದರ ಜೊತೆ ಸೇರಿಸಬೇಡಿ. ಅದು ಮಾಮೂಲಿ ಗೇರ್ ಬಾಕ್ಸೇ, ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸಗಳು ಮಾತ್ರ ಕೈಕಾಲಿನಿಂದ ಯಂತ್ರಕ್ಕೆ ಹೋಗಿವೆ. 700ಆರ್4ರಲ್ಲಿ ಎಂಜಿನ್ನಿಗೂ ಗೇರುಗಳಿಗೂ ನಡುವೆ ಟಾರ್ಕ್ ಕನ್ವರ್ಟರ್ ಇದೆ. ಎಂಜಿನ್ ಒಂದು ಚಕ್ರದಿಂದ ಎಣ್ಣೆಯನ್ನು ಚಿಮ್ಮಿಸುತ್ತದೆ, ಆ ರಭಸಕ್ಕೆ ಎದುರಿನ ಚಕ್ರ ತಿರುಗುತ್ತದೆ. ಅದರ ಹಿಂದೆ ಎರಡು ಗ್ರಹಗೇರುಗಳ ಜೋಡಣೆ, ಐದು ಬಹುಫಲಕ ಕ್ಲಚ್‌ಗಳು, ಡ್ರಮ್ಮನ್ನು ಸುತ್ತಿ ಹಿಡಿಯುವ ಒಂದು ಬ್ಯಾಂಡ್, ಒಂದೇ ದಿಕ್ಕಿಗೆ ತಿರುಗಲು ಬಿಡುವ ಕೆಲವು ರೋಲರುಗಳು. ಇವುಗಳಲ್ಲಿ ಯಾವುದು ಹಿಡಿದಿದೆ, ಯಾವುದು ಬಿಟ್ಟಿದೆ ಎಂಬುದರ ಮೇಲೆ ಗೇರ್ ನಿರ್ಧಾರವಾಗುತ್ತದೆ. ಹಿಡಿಸುವುದು ಎಣ್ಣೆಯ ಒತ್ತಡ.

ಗೇರ್ ಯಾವಾಗ ಬದಲಾಗಬೇಕು ಎಂದು ತೀರ್ಮಾನಿಸಲು 1993ರವರೆಗಿನ ಕಾರ್ವೆಟ್ ಗೇರ್ ಬಾಕ್ಸಿನಲ್ಲಿ ಕಂಪ್ಯೂಟರ್ ಇಲ್ಲ. ವಾಲ್ವ್ ಬಾಡಿಯೊಳಗೆ ಒಂದು ಪುಟ್ಟ ವಾಲ್ವಿನ ಎರಡು ತುದಿಗೆ ಎರಡು ಒತ್ತಡ. ಒಂದನ್ನು ಗವರ್ನರ್ ಕಳಿಸುತ್ತದೆ, ಕಾರಿನ ವೇಗ ಏರಿದಂತೆ ಅದೂ ಏರುತ್ತದೆ. ಇನ್ನೊಂದು ನೀವು ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ ಎಂಬುದಕ್ಕೆ ತಕ್ಕಂತೆ. ವೇಗದ ಒತ್ತಡ ಗೆದ್ದಾಗ ವಾಲ್ವ್ ಸರಿಯುತ್ತದೆ, ಮೇಲಿನ ಗೇರ್ ಬೀಳುತ್ತದೆ. ಇಷ್ಟು ಸರಳವಾದದ್ದು ಇಷ್ಟು ವರ್ಷ ನಂಬಿಕೆಯಿಂದ ನಡೆದದ್ದು ನನಗೆ ಇಂದಿಗೂ ಸೋಜಿಗವೇ.

ಆಕ್ಸಿಲರೇಟರಿನ ಸುದ್ದಿಯನ್ನು ಗೇರ್ ಬಾಕ್ಸಿಗೆ ಮುಟ್ಟಿಸುವುದು ಥ್ರಾಟಲ್ ಬಾಡಿಯಿಂದ ಇಳಿದುಬರುವ ಒಂದು ಕೇಬಲ್. ಮೆಕ್ಯಾನಿಕ್‌ಗಳು ಅದನ್ನು ಟಿವಿ ಕೇಬಲ್ ಎನ್ನುತ್ತಾರೆ; ಟೆಲಿವಿಷನ್ನಿಗೂ ಅದಕ್ಕೂ ಸಂಬಂಧವಿಲ್ಲ, ಥ್ರಾಟಲ್ ವಾಲ್ವಿನ ಕೇಬಲ್ ಎಂದಷ್ಟೇ. ಗೇರ್ ಬದಲಾಗುವ ಹೊತ್ತನ್ನು ನಿರ್ಧರಿಸುವುದು ಅದರ ಅರ್ಧ ಕೆಲಸ. ಉಳಿದರ್ಧ ಅದಕ್ಕಿಂತ ದೊಡ್ಡದು: ಇಡೀ ಗೇರ್ ಬಾಕ್ಸಿನ ಮುಖ್ಯ ಒತ್ತಡವನ್ನೂ ಅದೇ ಏರಿಸಿ ಇಳಿಸುತ್ತದೆ. ಎಂಜಿನ್ ಜೋರಾಗಿ ತಿರುಚಿದಾಗ ಕ್ಲಚ್ ಪ್ಲೇಟುಗಳನ್ನೂ ಜೋರಾಗಿ ಅದುಮಬೇಕಲ್ಲ. ಕೇಬಲ್ ಸಡಿಲವಾಗಿದ್ದರೆ ಎಂಜಿನ್ ಪೂರಾ ಶಕ್ತಿ ಹಾಕುತ್ತಿರುತ್ತದೆ, ಗೇರ್ ಬಾಕ್ಸ್ ಮಾತ್ರ ಕಾರು ನಿಧಾನಕ್ಕೆ ಹೋಗುತ್ತಿದೆ ಎಂದುಕೊಂಡು ಪ್ಲೇಟುಗಳನ್ನು ಮೆಲ್ಲಗೆ ಹಿಡಿದಿರುತ್ತದೆ. ಪ್ಲೇಟು ಜಾರುತ್ತದೆ, ಕಾಯುತ್ತದೆ, ಸುಡುತ್ತದೆ.

ವಿಪರ್ಯಾಸವೆಂದರೆ ಚಾಲಕನಿಗೆ ಇದು ಹಿತವೆನಿಸುತ್ತದೆ. ಗೇರ್ ಬೇಗ ಬೇಗ ಬೀಳುತ್ತದೆ, ಬಿದ್ದದ್ದೇ ಗೊತ್ತಾಗುವುದಿಲ್ಲ. ‘ಎಷ್ಟು ನಯವಾಗಿದೆ’ ಎಂದು ಹೊಗಳುತ್ತಲೇ ಆತ ಮೂರು-ನಾಲ್ಕನೇ ಗೇರಿನ ಕ್ಲಚ್ಚನ್ನು ಸುಡುತ್ತಿರುತ್ತಾನೆ. ಕೇಬಲ್ ಬಿಗಿಯಾಗಿದ್ದರೆ ಗೇರ್ ತಡವಾಗಿ, ಧಡಕ್ಕನೆ ಬೀಳುತ್ತದೆ. ಅದಕ್ಕೆ ಎಲ್ಲರೂ ದೂರುತ್ತಾರೆ, ಆದ್ದರಿಂದಲೇ ಅದು ಅಷ್ಟು ಅಪಾಯಕಾರಿಯಲ್ಲ. ಹಳೆಯ ಎಂಜಿನ್ನಿನ ಇಂಜೆಕ್ಷನ್ ತೆಗೆದು ಬೇರೆ ಕಾರ್ಬುರೇಟರ್ ಕೂರಿಸಿದ ಕಾರಾದರೆ ಮೊದಲ ಅನುಮಾನ ಇಲ್ಲೇ ಇರಲಿ. ಕೇಬಲ್ ಸಿಕ್ಕಿಸುವ ಜಾಗ ತುಸು ಆಚೀಚೆಯಾದರೂ ಅದು ಎಳೆಯುವ ಉದ್ದ ತಪ್ಪುತ್ತದೆ.

ಹೊಂದಿಸುವ ಕ್ರಮ ಸುಲಭ. ಎಂಜಿನ್ ಆರಿಸಿ, ಕೇಬಲ್ ತುದಿಯ ಗುಂಡಿಯನ್ನು ಅದುಮಿ ಹಿಡಿದು, ಜಾರುವ ತುಂಡನ್ನು ಥ್ರಾಟಲ್ ಲಿವರಿನಿಂದ ದೂರಕ್ಕೆ ಪೂರ್ತಿ ತಳ್ಳಿ ಗುಂಡಿ ಬಿಡಬೇಕು. ಆಮೇಲೆ ಥ್ರಾಟಲ್ಲನ್ನು ಕೊನೆಯವರೆಗೆ ತೆರೆದರೆ ಕಟಕಟ ಸದ್ದಿನೊಡನೆ ಕೇಬಲ್ ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. ಒಂದು ಸ್ಪ್ಯಾನರೂ ಬೇಡ.

ಕೇಬಲ್ಲಿಗೂ ಮೊದಲು ನೋಡಬೇಕಾದದ್ದು ಎಣ್ಣೆ. ಎಂಜಿನ್ ಆಯಿಲ್ ನೋಡುವ ಅಭ್ಯಾಸ ಇಲ್ಲಿ ದಾರಿ ತಪ್ಪಿಸುತ್ತದೆ. ಕಾರು ಓಡಿ ಬಿಸಿಯಾಗಿರಬೇಕು, ಸಮತಟ್ಟಾದ ನೆಲದಲ್ಲಿ ನಿಂತಿರಬೇಕು, ಎಂಜಿನ್ ಐಡ್ಲಿಂಗಿನಲ್ಲಿ ನಡೆಯುತ್ತಿರಬೇಕು, ಲಿವರ್ ಪಾರ್ಕಿನಲ್ಲಿರಬೇಕು. ಮಟ್ಟ ಇಳಿದಿದ್ದರೆ ಪಂಪು ಎಣ್ಣೆಯ ಜೊತೆ ಗಾಳಿಯನ್ನೂ ಎಳೆಯುತ್ತದೆ. ತಿರುವಿನಲ್ಲಿ, ಏರಿನಲ್ಲಿ ಮಾತ್ರ ಜಾರುವ ಗೇರಿಗೆ ಇದು ಕಾರಣವಿರಬಹುದು. ಹೆಚ್ಚಾಗಿದ್ದರೂ ಕಷ್ಟವೇ, ತಿರುಗುವ ಭಾಗಗಳು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತವೆ. ಹೊಸ ಎಣ್ಣೆ ಕೆಂಪಗಿರುತ್ತದೆ. ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಪ್ಲೇಟು ಸುಟ್ಟಿದೆ ಎಂದರ್ಥ. ಹಾಲು ಬೆರೆಸಿದಂಥ ಗುಲಾಬಿಯಾಗಿದ್ದರೆ ರೇಡಿಯೇಟರಿನೊಳಗಿನ ಕೂಲರ್ ಒಡೆದು ನೀರು ಸೇರಿದೆ. ಆಗ ಕಾರನ್ನು ಒಂದು ಫರ್ಲಾಂಗೂ ಓಡಿಸಬಾರದು.

ಎಣ್ಣೆಯೂ ಕೇಬಲ್ಲೂ ಸರಿಯಾಗಿದ್ದು ಗೇರ್ ಜಾರುತ್ತಲೇ ಇದ್ದರೆ, ಯಾವ ಗೇರ್ ಇದೆ, ಯಾವುದು ಇಲ್ಲ ಎಂದು ಬರೆದುಕೊಳ್ಳಿ. ಒಂದೇ ಫ್ಯೂಸಿಗೆ ಸೇರಿದ ಕೋಣೆಗಳು ಒಟ್ಟಿಗೆ ಕತ್ತಲಾಗುವ ಹಾಗೆ, ಒಂದೇ ಭಾಗವನ್ನು ನಂಬಿದ ಗೇರುಗಳು ಒಟ್ಟಿಗೆ ಹೋಗುತ್ತವೆ. ಮೂರು ಮತ್ತು ನಾಲ್ಕು ಎರಡೂ ಇಲ್ಲವೆಂದರೆ ಅವೆರಡರ ಪಾಲಿನ ಕ್ಲಚ್ ಸುಟ್ಟಿದೆ. ಈ ಗೇರ್ ಬಾಕ್ಸಿನ ಹೆಸರಾಂತ ದುರ್ಬಲ ಜಾಗ ಅದು. ಎರಡು ಮತ್ತು ನಾಲ್ಕು ಇಲ್ಲವೆಂದರೆ ಬ್ಯಾಂಡಿನ ಕಡೆ ನೋಡಬೇಕು. ಎರಡು, ನಾಲ್ಕು, ಜೊತೆಗೆ ರಿವರ್ಸೂ ಇಲ್ಲವೆ? ಆಗ ಬ್ಯಾಂಡ್ ನಿರಪರಾಧಿ, ಏಕೆಂದರೆ ರಿವರ್ಸಿಗೆ ಅದರ ಹಂಗಿಲ್ಲ. ಈ ಮೂರಕ್ಕೂ ಬೇಕಾದದ್ದು ಸನ್ ಶೆಲ್ ಎಂಬ ಉಕ್ಕಿನ ಚಿಪ್ಪು. ಅದರ ಹಲ್ಲು ಸವೆದಿದೆ ಅಥವಾ ಕುತ್ತಿಗೆ ಮುರಿದಿದೆ. ಓವರ್‌ಡ್ರೈವಿನಲ್ಲಿ ಕಾರು ಅಲುಗದೆ, ಲಿವರನ್ನು ಒಂದು ಮನೆ ಕೆಳಗಿಳಿಸಿದಾಗ ಹೊರಟರೆ ಒಂದೇ ದಿಕ್ಕಿಗೆ ತಿರುಗುವ ಸ್ಪ್ರ್ಯಾಗ್ ಕೈಕೊಟ್ಟಿದೆ. ಎಷ್ಟು ಓಡಿಸಿದರೂ ಮೊದಲ ಗೇರ್ ಬಿಟ್ಟು ಮೇಲೇರದಿದ್ದರೆ ಗವರ್ನರ್. ಅದನ್ನು ತಿರುಗಿಸುವ ಪ್ಲಾಸ್ಟಿಕ್ ಹಲ್ಲುಚಕ್ರ ಸವೆದಿದ್ದರೆ ಕಾರು ಓಡುತ್ತಿರುವುದೇ ಗೇರ್ ಬಾಕ್ಸಿಗೆ ತಿಳಿಯುವುದಿಲ್ಲ. ಗೇರ್ ಬಾಕ್ಸ್ ಪೂರ್ತಿ ಇಳಿಸದೆಯೇ ಗವರ್ನರನ್ನು ಹೊರತೆಗೆಯಬಹುದು.

ಇನ್ನೊಂದು ದೂರು: ಸಿಗ್ನಲ್ಲಿನಲ್ಲಿ ನಿಲ್ಲಿಸಲು ಹೋದರೆ ಎಂಜಿನ್ ಗಕ್ಕನೆ ಆರುತ್ತದೆ. ಇದು ಲಾಕಪ್ಪಿನ ಕಿತಾಪತಿ. ಹೆದ್ದಾರಿಯ ವೇಗದಲ್ಲಿ ಕನ್ವರ್ಟರಿನ ಎರಡು ಚಕ್ರಗಳನ್ನು ಬೆಸೆಯುವ ಒಂದು ಕ್ಲಚ್ಚಿದೆ. ಎಂಜಿನ್ನಿನ ಕಂಪ್ಯೂಟರ್ ಒಂದು ಸೊಲೆನಾಯ್ಡ್ ಮೂಲಕ ಅದನ್ನು ಹಿಡಿಸಿ ಬಿಡಿಸುತ್ತದೆ, ಬ್ರೇಕ್ ಒತ್ತಿದರೆ ಬಿಡಬೇಕು. ಬಿಡದಿದ್ದರೆ ಎಂಜಿನ್ನಿನ ಗತಿ ಅಷ್ಟೇ. ಅದು ಹಿಡಿಯುತ್ತಿದೆಯೇ ಎಂದು ತಿಳಿಯಲು ಖಾಲಿ ಹೆದ್ದಾರಿಯಲ್ಲಿ ಸ್ಥಿರವಾದ ವೇಗದಲ್ಲಿ ಹೋಗುತ್ತ ಎಡಗಾಲಿನಿಂದ ಬ್ರೇಕ್ ಪೆಡಲನ್ನು ತುಸು ಮುಟ್ಟಿದರೆ ಸಾಕು: ಟ್ಯಾಕೊಮೀಟರಿನ ಮುಳ್ಳು ಮೇಲೇರಿದರೆ ಲಾಕ್ ಇತ್ತು, ಈಗ ಬಿಟ್ಟಿತು. ಏರದಿದ್ದರೆ ತಂತಿ, ಬ್ರೇಕ್ ಸ್ವಿಚ್ಚು, ವೇಗದ ಸೆನ್ಸರ್ ನೋಡಬೇಕು. ಎಂಬತ್ತರ ದಶಕದ ಕಾರ್ವೆಟ್ಟಿನಲ್ಲಿ ಡ್ಯಾಷ್‌ಬೋರ್ಡಿನ ಕೆಳಗಿನ ಕನೆಕ್ಟರಿನ ಎರಡು ಪಿನ್ನುಗಳನ್ನು ತುಂಡು ತಂತಿಯಿಂದ ಜೋಡಿಸಿದರೆ ಎಂಜಿನ್ ದೀಪ ಮಿನುಗಿ ಕೋಡ್ ಹೇಳುತ್ತದೆ. ಎರಡು ಮಿನುಗು, ತಡೆದು ನಾಲ್ಕು ಮಿನುಗು ಬಂದರೆ 24, ವೇಗದ ಸೆನ್ಸರಿನ ದೂರು. 1994ರಿಂದ ಕಾರ್ವೆಟ್‌ಗೆ ಬಂದ 4ಎಲ್60-ಇ ಗೇರ್ ಬಾಕ್ಸಿನಲ್ಲಿ ಕೇಬಲ್ಲೂ ಇಲ್ಲ, ಗವರ್ನರೂ ಇಲ್ಲ. ಅಲ್ಲಿ ವಿಚಾರಣೆ ಕಂಪ್ಯೂಟರಿನಿಂದಲೇ ಶುರುವಾಗಬೇಕು.

ಸುಳ್ಳು ದೂರುಗಳೂ ಇವೆ. ಲಾಕ್ ಆದ ಕೂಡಲೇ ಕಾರು ಅದುರಿದರೆ ಕನ್ವರ್ಟರ್ ಕೆಟ್ಟಿದೆ ಎನ್ನುತ್ತಾರೆ. ಎಣ್ಣೆಯ ಮೆತ್ತನೆ ತಪ್ಪಿ ನೇರ ಬೆಸುಗೆಯಾದಾಗ, ಅದುವರೆಗೆ ಅಡಗಿದ್ದ ಸ್ಪಾರ್ಕ್ ಪ್ಲಗ್ಗಿನ ದೋಷವೂ ಹಾಗೆಯೇ ಅದುರಿಸುತ್ತದೆ. ಡ್ರೈವಿಗೆ ಹಾಕಿದಾಗ ‘ಟಣ್’ ಎಂದರೆ ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟಿನ ಕೀಲುಗಳನ್ನು ಅಲುಗಿಸಿ ನೋಡಿ. ನಾಲ್ಕನೇ ತಲೆಮಾರಿನ ಕಾರ್ವೆಟ್ಟಿನಲ್ಲಿ ಆ ಶಾಫ್ಟುಗಳು ಸಸ್ಪೆನ್ಷನ್ನಿನ ಭಾರವನ್ನೂ ಹೊರುತ್ತವೆ, ಆದ್ದರಿಂದ ಕೀಲು ಸವೆದರೆ ಸದ್ದು ಜೋರು. ಜಾರುವ ಗೇರನ್ನು ಸರಿಪಡಿಸುತ್ತೇವೆಂದು ಮಾರುವ ಬಾಟಲಿಗಳ ಬಗ್ಗೆ ಹೇಳುವುದಾದರೆ, ಸುಟ್ಟುಹೋದ ಪ್ಲೇಟನ್ನು ಯಾವ ದ್ರವವೂ ಮರಳಿ ಬೆಳೆಸುವುದಿಲ್ಲ.

ಕೊನೆಗೆ, ಬೋಲ್ಟು ಬಿಚ್ಚಲೇಬೇಕಾದ ಒಂದು ಪರೀಕ್ಷೆ: ಗೇರ್ ಬಾಕ್ಸಿನ ತಳದ ಎಣ್ಣೆ ತಟ್ಟೆ. ಅದರ ಆಯಸ್ಕಾಂತದ ಮೇಲೆ ನುಣ್ಣಗಿನ ಬೂದು ಅಂಟು ಇದ್ದರೆ ಗಾಬರಿ ಬೇಡ, ಅದು ವಯಸ್ಸಿನ ಸವೆತ. ಕಪ್ಪು ಪದರಗಳು, ಹಿತ್ತಾಳೆ ಬಣ್ಣದ ಚೂರುಗಳು ಸಿಕ್ಕರೆ ಗೇರ್ ಬಾಕ್ಸನ್ನೇ ಬಿಚ್ಚಬೇಕು. ಫಿಲ್ಟರಿನ ಕೊರಳಿನ ಸೀಲನ್ನೂ ಇದೇ ಹೊತ್ತಿಗೆ ನೋಡಬೇಕು. ಹಿಂದಿನವರು ಅದನ್ನು ಸರಿಯಾಗಿ ಕೂರಿಸದಿದ್ದರೆ ಪಂಪು ಅಲ್ಲಿಂದಲೇ ಗಾಳಿ ಎಳೆಯುತ್ತಿರುತ್ತದೆ. ಪ್ರೆಶರ್ ಗೇಜ್ ಸಿಕ್ಕಿಸಿ ಸರ್ವಿಸ್ ಪುಸ್ತಕದ ಅಂಕಿಗಳಿಗೆ ಹೋಲಿಸಿದರೆ ಇನ್ನೂ ಖಚಿತ. ಒತ್ತಡವೇ ಏಳದಿದ್ದರೆ ಪಂಪು, ಫಿಲ್ಟರು. ಒತ್ತಡ ಸರಿಯಿದ್ದೂ ಗೇರ್ ಜಾರಿದರೆ ಪ್ಲೇಟು.

ಬಿಚ್ಚಿ ಕಟ್ಟಿಸುವುದೇ ಆದರೆ ಮೆಕ್ಯಾನಿಕ್‌ಗೆ ಒಂದು ಮಾತು ಕೇಳಿ: ಕೂಲರನ್ನೂ ಅದರ ಪೈಪುಗಳನ್ನೂ ತೊಳೆಯುತ್ತೀರಾ? ಹಳೆಯ ಪ್ಲೇಟುಗಳ ಪುಡಿ, ಲೋಹದ ಚೂರು ಎಲ್ಲ ಅಲ್ಲಿ ಕೂತಿರುತ್ತವೆ. ತೊಳೆಯದೆ ಜೋಡಿಸಿದರೆ ಅವು ಎಣ್ಣೆಯ ಜೊತೆ ನೇರ ಹೊಸ ಗೇರ್ ಬಾಕ್ಸಿನೊಳಕ್ಕೆ ಬರುತ್ತವೆ.