ಪಚ್ಚೆಯ ನಗರದ ತೆರೆಯ ಹಿಂದೆ

ಅಮೆರಿಕದ ಕಾನ್ಸಾಸ್ ಬಯಲಿನಲ್ಲಿ ಒಂದು ಬಡ ಹೊಲಮನೆ. ಬಂಧುಗಳ ಆಶ್ರಯದಲ್ಲಿ ಬೆಳೆಯುತ್ತಿರುವ ಅನಾಥ ಬಾಲಿಕೆ ಡೊರೊಥಿಯನ್ನು ಒಂದು ದಿನ ಸುಂಟರಗಾಳಿಯು ಮನೆಸಮೇತ ಎತ್ತಿ ಒಯ್ದು, ಆಝ್ ಎಂಬ ವಿಚಿತ್ರ ದೇಶದಲ್ಲಿ ಇಳಿಸುತ್ತದೆ. ಊರಿಗೆ ಮರಳಬೇಕಾದರೆ ಪಚ್ಚೆಯ ನಗರದ ಮಹಾಮಾಂತ್ರಿಕನನ್ನು ಕಾಣಬೇಕು. ದಾರಿಯಲ್ಲಿ ಅವಳಿಗೆ ಮೂವರು ಜೊತೆಯಾಗುತ್ತಾರೆ: ಮಿದುಳು ಬೇಕೆನ್ನುವ ಬೆದರುಬೊಂಬೆ, ಹೃದಯ ಬೇಕೆನ್ನುವ ತಗಡಿನ ಮನುಷ್ಯ, ಧೈರ್ಯ ಬೇಕೆನ್ನುವ ಪುಕ್ಕಲು ಸಿಂಹ. ಕೊನೆಗೆ ಅವಳ ನಾಯಿ ಟೋಟೋ ಒಂದು ಪರದೆಯನ್ನು ಎಳೆದಾಗ ಗುಟ್ಟು ರಟ್ಟಾಗುತ್ತದೆ. ಬೆಂಕಿ ಹೊಗೆಗಳ ನಡುವೆ ಗರ್ಜಿಸುತ್ತಿದ್ದ ಮಾಂತ್ರಿಕನು, ಯಂತ್ರದ ಚಕ್ರ ತಿರುಗಿಸುತ್ತ ನಿಂತ ಒಬ್ಬ ಸಾಮಾನ್ಯ ಮುದುಕ!

1939ರಲ್ಲಿ ತೆರೆಕಂಡ ‘ದಿ ವಿಝರ್ಡ್ ಆಫ್ ಆಝ್’ ಚಿತ್ರದ ಈ ದೃಶ್ಯವನ್ನು ಕಂಡು ನಗದ ಮಕ್ಕಳಿಲ್ಲ. ಆದರೆ ಆ ಚಿತ್ರದ ಹಿಂದೆಯೂ ಅಂಥದೇ ಒಂದು ಪರದೆಯಿತ್ತು. ಅದನ್ನು ಸರಿಸಿ ನೋಡಿದರೆ ಕಾಣುವುದು ಮಂತ್ರವಲ್ಲ. ಬೆವರು, ಸುಟ್ಟ ಗಾಯ ಮತ್ತು ಕಣ್ಣೀರು.

ಪುಸ್ತಕದಿಂದ ಬೆಳ್ಳಿತೆರೆಗೆ

ಈ ಕಥೆಯ ಕರ್ತೃ ಎಲ್. ಫ್ರಾಂಕ್ ಬಾಮ್. ಡೆನ್ಸ್ಲೋ ಎಂಬ ಕಲಾವಿದನ ಚಿತ್ರಗಳೊಡನೆ ಪುಸ್ತಕವು ಹೊರಬಂದುದು 1900ರಲ್ಲಿ. ಹಳೆಯ ಕಥೆಗಳ ಭಯ ಸಂಕಟಗಳನ್ನು ಬಿಟ್ಟು, ಕೇವಲ ಮಕ್ಕಳ ಸಂತೋಷಕ್ಕಾಗಿಯೇ ಒಂದು ಕಥೆ ಬರೆಯುವುದು ತನ್ನ ಉದ್ದೇಶವೆಂದು ಬಾಮ್ ಮುನ್ನುಡಿಯಲ್ಲಿ ಹೇಳಿಕೊಂಡಿದ್ದನು. 1919ರಲ್ಲಿ ತೀರಿಕೊಂಡ ಆತನಿಗೆ ಈ ಚಿತ್ರವನ್ನು ಕಾಣುವ ಭಾಗ್ಯವಿರಲಿಲ್ಲ.

ಡಿಸ್ನಿಯ ‘ಸ್ನೋ ವೈಟ್’ ಗಳಿಸಿದ ಜಯವನ್ನು ಕಂಡ ಎಂ.ಜಿ.ಎಂ. ಸಂಸ್ಥೆಯು 1938ರಲ್ಲಿ ಕಥೆಯ ಹಕ್ಕನ್ನು ಕೊಂಡಿತು. ಪುಸ್ತಕದಲ್ಲಿ ಆಝ್ ನಿಜವಾದ ದೇಶ; ಚಿತ್ರದಲ್ಲಿ ಅದು ಬಾಲಿಕೆಯ ಕನಸಾಯಿತು. ಪುಸ್ತಕದ ಬೆಳ್ಳಿಯ ಪಾದರಕ್ಷೆಗಳು, ಟೆಕ್ನಿಕಲರ್ ವರ್ಣಗಳಲ್ಲಿ ಚೆನ್ನಾಗಿ ಹೊಳೆಯಲೆಂದು, ಮಾಣಿಕ್ಯದ ಕೆಂಪಿಗೆ ತಿರುಗಿದವು. ಕಾನ್ಸಾಸ್ ದೃಶ್ಯಗಳನ್ನು ಮಂಕಾದ ಕಂದು ಛಾಯೆಯಲ್ಲಿ ತೋರಿಸಿ, ಡೊರೊಥಿ ಆಝ್ ದೇಶದಲ್ಲಿ ಬಾಗಿಲು ತೆರೆದೊಡನೆ ಬಣ್ಣಗಳ ಹೊಳೆ ಹರಿಸಿದರು. ಮನೆಯನ್ನು ಎತ್ತಿ ಒಯ್ಯುವ ಭಯಂಕರ ಸುಂಟರಗಾಳಿಯಾದರೋ, 35 ಅಡಿ ಉದ್ದದ ಒಂದು ಮಸ್ಲಿನ್ ಬಟ್ಟೆಯ ಚೀಲ!

ನಿರ್ದೇಶಕರೂ ಒಬ್ಬರಲ್ಲ. ರಿಚರ್ಡ್ ಥಾರ್ಪ್ ಆರಂಭಿಸಿದ ಕೆಲಸವು ಜಾರ್ಜ್ ಕ್ಯೂಕರ್ ಕೈಗೆ, ಅಲ್ಲಿಂದ ವಿಕ್ಟರ್ ಫ್ಲೆಮಿಂಗ್ ಕೈಗೆ ಹೋಯಿತು. ಫ್ಲೆಮಿಂಗ್ ‘ಗಾನ್ ವಿತ್ ದಿ ವಿಂಡ್’ ಚಿತ್ರಕ್ಕೆ ತೆರಳಿದ ಮೇಲೆ ಕಾನ್ಸಾಸ್ ದೃಶ್ಯಗಳನ್ನು ತೆಗೆದವನು ಕಿಂಗ್ ವೀಡರ್. ತೆರೆಯ ಮೇಲೆ ಬಂದುದು ಫ್ಲೆಮಿಂಗನ ಹೆಸರೊಂದೇ.

ವೇಷದ ಬೆಲೆ

ಅಂದಿನ ವರ್ಣಚಿತ್ರಣಕ್ಕೆ ಅಪಾರವಾದ ಬೆಳಕು ಬೇಕು. ದೀಪಗಳ ಕಾವಿನಿಂದ ಚಿತ್ರೀಕರಣದ ಸ್ಥಳವು ಕುಲುಮೆಯಂತಾಗುತ್ತಿತ್ತು. ಆ ಸೆಕೆಯಲ್ಲಿ ಬರ್ಟ್ ಲಾರ್ ಸಿಂಹದ ಭಾರವಾದ ಚರ್ಮವನ್ನು ಹೊದ್ದು ಕುಣಿಯಬೇಕಾಗಿತ್ತು.

ತಗಡಿನ ಮನುಷ್ಯನ ವೇಷದಲ್ಲಿ ಚಿತ್ರೀಕರಣ ಆರಂಭಿಸಿದವನು ಬಡ್ಡಿ ಎಬ್ಸೆನ್. ಮುಖಕ್ಕೆ ಹಚ್ಚುತ್ತಿದ್ದ ಅಲ್ಯುಮಿನಿಯಮ್ ಪುಡಿ ಶ್ವಾಸಕೋಶಕ್ಕೆ ಇಳಿದು, ಆತ ಉಸಿರಾಡಲಾರದೆ ಆಸ್ಪತ್ರೆ ಸೇರಿದನು. ಪಾತ್ರವು ಜ್ಯಾಕ್ ಹೇಲಿಯ ಪಾಲಾಯಿತು. ಆತನಿಗೆ ಪುಡಿಯ ಬದಲು ಲೇಪವನ್ನು ಬಳಸಿದರು.

ದುಷ್ಟ ಮಾಟಗಾತಿಯಾಗಿದ್ದ ಮಾರ್ಗರೆಟ್ ಹ್ಯಾಮಿಲ್ಟನ್ ಇನ್ನೂ ಹೆಚ್ಚು ನೊಂದಳು. 1938ರ ಡಿಸೆಂಬರ್ 23ರಂದು, ಬೆಂಕಿ ಹೊಗೆಗಳ ನಡುವೆ ಆಕೆ ಮಾಯವಾಗುವ ದೃಶ್ಯದ ಚಿತ್ರೀಕರಣ. ನೆಲದ ಗುಪ್ತ ಬಾಗಿಲಿನಿಂದ ಆಕೆ ಕೆಳಗಿಳಿಯುವ ಮೊದಲೇ ಜ್ವಾಲೆ ಎದ್ದು ಮುಖವೂ ಕೈಯೂ ಸುಟ್ಟವು. ಮುಖದ ಹಸಿರು ಬಣ್ಣದಲ್ಲಿ ತಾಮ್ರವಿದ್ದುದರಿಂದ, ಹಸಿಗಾಯದ ಮೇಲೆಯೇ ಅದನ್ನು ಒರೆಸಿ ತೆಗೆಯಬೇಕಾಯಿತು. ಸುಮಾರು ಆರು ವಾರಗಳ ಮೇಲೆ ಮರಳಿದ ಆಕೆ, ಇನ್ನು ಬೆಂಕಿಯ ಬಳಿ ಸುಳಿಯುವುದಿಲ್ಲವೆಂದಳು. ಹೊಗೆಯುಗುಳುವ ಪೊರಕೆಯ ದೃಶ್ಯದಲ್ಲಿ ಆಕೆಯ ಬದಲು ಕುಳಿತ ಬೆಟ್ಟಿ ಡ್ಯಾಂಕೊ, ಹೊಗೆಯ ಕೊಳವೆ ಸಿಡಿದು ಗಾಯಗೊಂಡಳು.

ಹದಿನಾರರ ಗಾಯಕಿ

ಡೊರೊಥಿಯಾಗಿ ನಟಿಸಿದ ಜೂಡಿ ಗಾರ್ಲೆಂಡ್‌ಗೆ ಆಗ 16 ವರ್ಷ. ಇನ್ನೂ ಚಿಕ್ಕವಳಂತೆ ಕಾಣಲೆಂದು ಅವಳ ಎದೆಯನ್ನು ಬಿಗಿದು ಕಟ್ಟಿದರು. ಊಟಕ್ಕೂ ಕಡಿವಾಣ ಬಿತ್ತು. ಎಚ್ಚರವಿರಲು ಒಂದು ಗುಳಿಗೆ, ನಿದ್ರೆ ಬರಲು ಇನ್ನೊಂದು ಗುಳಿಗೆ — ಸ್ಟುಡಿಯೋ ಕಾಲದಲ್ಲಿ ತನಗೆ ಹಿಡಿಸಿದ ಈ ಚಾಳಿಯನ್ನು ಅವಳೇ ಮುಂದೆ ಹೇಳಿಕೊಂಡಳು.

ಕಾಮನಬಿಲ್ಲಿನಾಚೆಯ ನಾಡನ್ನು ನೆನೆದು ಹೊಲಮನೆಯ ಅಂಗಳದಲ್ಲಿ ಅವಳು ಹಾಡುವ ಗೀತೆಯೇ ಚಿತ್ರದ ಜೀವ. ಹ್ಯಾರಲ್ಡ್ ಆರ್ಲೆನ್ ರಾಗ ಹಾಕಿ, ಹಾರ್ಬರ್ಗ್ ರಚಿಸಿದ ಆ ಗೀತೆಯು ಕಥೆಯ ಓಟಕ್ಕೆ ಅಡ್ಡಿಯೆಂದು, ಪೂರ್ವಪ್ರದರ್ಶನದ ಬಳಿಕ ಸ್ಟುಡಿಯೋದ ಮುಖ್ಯರು ಕತ್ತರಿ ಹಿಡಿದಿದ್ದರು. ಆರ್ಥರ್ ಫ್ರೀಡ್ ಮೊದಲಾದವರು ಪಟ್ಟು ಹಿಡಿದುದರಿಂದ ಅದು ಉಳಿಯಿತು; ಆ ವರ್ಷದ ಶ್ರೇಷ್ಠ ಗೀತೆಯ ಆಸ್ಕರ್ ಪ್ರಶಸ್ತಿಯನ್ನೂ ಪಡೆಯಿತು. ಹಾಡಿದವಳ ಬಾಳಿನಲ್ಲಿ ಮಾತ್ರ ಕಾಮನಬಿಲ್ಲು ಬಹುಕಾಲ ನಿಲ್ಲಲಿಲ್ಲ. 1969ರ ಜೂನ್ 22ರಂದು, ನಿದ್ರೆಯ ಔಷಧ ಮಿತಿಮೀರಿ, ತನ್ನ 47ನೆಯ ವಯಸ್ಸಿನಲ್ಲಿ ಅವಳು ಲಂಡನ್ನಿನಲ್ಲಿ ಕಣ್ಣು ಮುಚ್ಚಿದಳು.

ನಷ್ಟದಿಂದ ಮನೆಮಾತಿಗೆ

ಸುಮಾರು 27 ಲಕ್ಷ ಡಾಲರ್ ನುಂಗಿದ ಈ ಚಿತ್ರವು ಮೊದಲ ಬಿಡುಗಡೆಯಲ್ಲಿ ನಷ್ಟವನ್ನೇ ತಂದಿತು. ಲಾಭದ ಮುಖ ಕಂಡುದು 1949ರ ಮರುಬಿಡುಗಡೆಯ ಬಳಿಕ. 1956ರ ನವೆಂಬರ್ 3ರಂದು ಟೆಲಿವಿಷನ್ನಿನಲ್ಲಿ ಬಂದ ಮೇಲೆ, 1959ರಿಂದ ವರ್ಷಕ್ಕೊಮ್ಮೆ ಅದನ್ನು ನೋಡುವುದು ಅಮೆರಿಕದ ಮನೆಗಳಲ್ಲಿ ಹಬ್ಬದಂತಾಯಿತು. ಆ ದಿನಗಳಲ್ಲಿ ಬಹುತೇಕ ಮನೆಗಳಲ್ಲಿದ್ದುದು ಕಪ್ಪುಬಿಳುಪಿನ ಪೆಟ್ಟಿಗೆ. ಡೊರೊಥಿ ಬಾಗಿಲು ತೆರೆದಾಗ ಬಣ್ಣ ಚೆಲ್ಲುವುದೆಂದು ಎಷ್ಟೋ ಮಕ್ಕಳಿಗೆ ತಿಳಿದುದು ವರ್ಷಗಳ ನಂತರ! 2024ರ ಡಿಸೆಂಬರಿನಲ್ಲಿ, ಜೂಡಿ ತೊಟ್ಟಿದ್ದ ಮಾಣಿಕ್ಯದ ಪಾದರಕ್ಷೆಗಳ ಒಂದು ಜೋಡಿಗೆ ಹರಾಜಿನಲ್ಲಿ ಬಂದ ಬೆಲೆ 2 ಕೋಟಿ 80 ಲಕ್ಷ ಡಾಲರ್. ಇಡೀ ಚಿತ್ರಕ್ಕೆ ತಗಲಿದ ವೆಚ್ಚದ ಹತ್ತು ಪಟ್ಟು.

ಆದರೆ ಈ ಚಿತ್ರದ ನಿಜವಾದ ಬೆಲೆಯನ್ನು ತಿಳಿದವಳು ಮಾರ್ಗರೆಟ್ ಹ್ಯಾಮಿಲ್ಟನ್. ನಟಿಯಾಗುವ ಮೊದಲು ಆಕೆ ಶಿಶುವಿಹಾರದ ಉಪಾಧ್ಯಾಯಿನಿ. ತನ್ನ ವೇಷವನ್ನು ಕಂಡು ಎಳೆಯರು ಹೆದರುವುದು ಆಕೆಗೆ ನೋವಿನ ಸಂಗತಿಯಾಗಿತ್ತು. 1975ರಲ್ಲಿ ಮಕ್ಕಳ ಟೆಲಿವಿಷನ್ ಕಾರ್ಯಕ್ರಮವೊಂದಕ್ಕೆ ಬಂದು, ಮಾಟಗಾತಿಯ ಕರಿಯ ಉಡುಪನ್ನು ಒಂದೊಂದಾಗಿ ಎಲ್ಲರೆದುರೇ ತೊಟ್ಟು ತೋರಿಸಿದಳು. ಇದು ಬರಿಯ ವೇಷ, ಒಳಗಿರುವವಳು ನಿಮ್ಮ ಅಜ್ಜಿಯಂಥವಳೇ ಎಂದು ಮಕ್ಕಳು ತಿಳಿಯಬೇಕೆಂಬುದು ಆಕೆಯ ಆಸೆ. ಚಿತ್ರದಲ್ಲಿ ಪರದೆಯನ್ನು ಸರಿಸಿದುದು ಒಂದು ನಾಯಿಮರಿ. ಮೂರೂವರೆ ದಶಕಗಳ ಮೇಲೆ, ಆ ಬೆಂಕಿಯಲ್ಲಿ ಬೆಂದವಳೇ ತನ್ನ ಕೈಯಾರೆ ಅದನ್ನು ಸರಿಸಿ ಮಕ್ಕಳೆದುರು ನಕ್ಕಳು.