ಗುಡ್ಡೆಯ ಜಾಗದಲ್ಲಿ ಮನೆ: ಮೊದಲು ನೀರಿನ ದಾರಿ ನೋಡಿ

ತಗ್ಗಿನಲ್ಲಿ ಗದ್ದೆ, ಬದಿಯಲ್ಲಿ ತೋಟ, ಮೇಲೆ ಗುಡ್ಡೆ – ಇದು ನಮ್ಮ ಕಾಸರಗೋಡಿನ ಭೂಮಿಯ ಗುಣ. ಆಸ್ತಿ ಪಾಲಾದಾಗ ನಮ್ಮ ಕುಟುಂಬಕ್ಕೆ ಬಂದದ್ದು ಬದಿಯಡ್ಕದ ಕಡೆ ಗುಡ್ಡೆಯ ಇಳಿಜಾರಿನಲ್ಲಿ ಹನ್ನೆರಡು ಸೆಂಟ್ಸು. ಕೆಳಗೆ ರಸ್ತೆ, ಅಲ್ಲಿಂದ ಹಿಂದಿನ ಗಡಿಗೆ 80 ಅಡಿ ದೂರ, 16 ಅಡಿ ಏರು.

ಮೇಸ್ತ್ರಿಯ ಸಲಹೆ ಸುಲಭದ್ದಾಗಿತ್ತು. ಜೇಸಿಬಿ ತರಿಸಿ ಎಲ್ಲವನ್ನೂ ರಸ್ತೆಯ ಮಟ್ಟಕ್ಕೆ ಇಳಿಸುವುದು, ಬಾಗಿಲವರೆಗೆ ಕಾರು ತರುವುದು. ನಾವೂ ಒಪ್ಪಿದ್ದೆವು. ತಡೆದವರು ಸುರಂಗ ತೋಡಿ ಅನುಭವವಿದ್ದ ನೆರೆಯ ಹಿರಿಯರು. “ಒಂದು ಮಳೆಗಾಲ ಕಳೆಯಲಿ ಮಾಷ್ಟ್ರೇ. ನೀರು ಎಲ್ಲಿಂದ ಬರುತ್ತದೆಂದು ನೋಡಿ, ಮತ್ತೆ ಗೂಟ ಹಾಕಿ” ಎಂದರು.

ಆಟಿ ತಿಂಗಳ ಒಂದು ಬೆಳಗ್ಗೆ ಕೊಡೆ ಹಿಡಿದು ಹೋದೆವು. ಅಡುಗೆಮನೆಯ ಹಿಂಗೋಡೆ ಬರಬೇಕಾಗಿದ್ದಲ್ಲಿಯೇ ಒರತೆ ಒಡೆದು ನೀರು ಹರಿಯುತ್ತಿತ್ತು!

ನಮ್ಮ ಗುಡ್ಡೆಗಳ ಮೇಲ್ಪದರ ಗಟ್ಟಿಯಾದ ಮುರಕಲ್ಲು. ಅದರಡಿಯಲ್ಲಿ ಅನೇಕ ಕಡೆ ಮೆತ್ತನೆಯ ಜೇಡಿಮಣ್ಣು. ಬೇಸಗೆಯಲ್ಲಿ ಕಡಿದ ಬರೆ ಗೋಡೆಯಂತೆ ನಿಲ್ಲುತ್ತದೆ. ವರ್ಷಕ್ಕೆ ಮೂರು ಸಾವಿರ ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಈ ಊರಿನಲ್ಲಿ ಜೇಡಿ ನೀರು ಕುಡಿದು ಸಡಿಲಾದರೆ ಮೇಲಿನ ಕಲ್ಲಿಗೂ ಆಧಾರವಿಲ್ಲ. ಚೆರ್ವತ್ತೂರಿನ ವೀರಮಲೆ ಗುಡ್ಡ 2025ರ ಜುಲೈಯಲ್ಲಿ ಹೆದ್ದಾರಿಗೆ ಜರಿದದ್ದನ್ನು ಓದುಗರು ಮರೆತಿರಲಾರರು. ಮೊದಲಿನ ಯೋಜನೆಯಂತೆ ನಡೆದಿದ್ದರೆ ನಮ್ಮ ಹಿತ್ತಿಲಲ್ಲಿ 16 ಅಡಿಯ ಬರೆ ನಿಲ್ಲುತ್ತಿತ್ತು.

ಒರತೆಯನ್ನು ಮುಚ್ಚಲಿಲ್ಲ, ಮನೆಯನ್ನೇ ಹತ್ತು ಅಡಿ ಬದಿಗೆ ಸರಿಸಿದೆವು. 36 ಅಡಿ ಉದ್ದಕ್ಕೆ ಒಂದೇ ಮಟ್ಟ ಮಾಡಿದರೆ ಏಳು ಅಡಿ ಕಡಿಯಬೇಕು. ಮನೆಯನ್ನು ಹದಿನೆಂಟು ಅಡಿಯ ಎರಡು ಹಂತ ಮಾಡಿದಾಗ ಒಂದೊಂದು ಕಡೆಯೂ ಮೂರೂವರೆ ಅಡಿ ಸಾಕಾಯಿತು. ನಡುವೆ ಏಳು ಮೆಟ್ಟಿಲು. ಅಮ್ಮನಿಗೆ ಮೊಣಗಂಟು ನೋವಾದುದರಿಂದ ಅವರ ಕೋಣೆ, ಅಡುಗೆಮನೆ, ಬಚ್ಚಲು ಮೂರನ್ನೂ ಒಂದೇ ಹಂತದಲ್ಲಿಟ್ಟೆವು. ಪಂಚಾಂಗ ಕೂತಿರುವುದು ಕಡಿದ ಗಟ್ಟಿ ನೆಲದ ಮೇಲೆ. ತುಂಬಿಸಿದ ಮಣ್ಣಿನ ಮೇಲೆ ಗೋಡೆ ಎಬ್ಬಿಸಿದರೆ ಬಿರುಕು ತಪ್ಪಿದ್ದಲ್ಲ. ಹತ್ತಿರದಲ್ಲಿ ಸುರಂಗವಿದ್ದರೆ ಅದು ಯಾರ ಜಾಗದಡಿಯಲ್ಲಿ ಹೋಗಿದೆಯೆಂದು ಮೊದಲೇ ವಿಚಾರಿಸಬೇಕು.

ಇನ್ನು ಕಾರು ಶೆಡ್ಡು. ಮನೆಯ ಮುಂಭಾಗ ರಸ್ತೆಯಿಂದ 30 ಅಡಿ ದೂರ, 6 ಅಡಿ ಎತ್ತರದಲ್ಲಿದೆ. ಒಂದು ಅಡಿ ಏರಿಗೆ ಎಂಟು ಅಡಿ ಉದ್ದವಿದ್ದರೆ ಕಾರು ಸಲೀಸಾಗಿ ಹತ್ತುತ್ತದೆ. ಆ ಲೆಕ್ಕದಲ್ಲಿ 48 ಅಡಿ ದಾರಿ ಬೇಕು. ಪಾಚಿ ಹಿಡಿಯುವ ಮಳೆಗಾಲದಲ್ಲಿ ಅದಕ್ಕಿಂತ ಕಡಿದಾದ ದಾರಿ ಅಪಾಯ. ಆದುದರಿಂದ ಬಿಡಬೇಕಾದ ಅಂತರ ಬಿಟ್ಟು, ಶೆಡ್ಡನ್ನು ಕೆಳಗೆ ರಸ್ತೆಯ ಬದಿಯಲ್ಲೇ ಗುಡ್ಡೆಗೆ ಒತ್ತಿ ಕಟ್ಟಿದೆವು. ಹತ್ತು ಅಡಿ ಅಗಲ, ಹದಿನೆಂಟು ಅಡಿ ಉದ್ದ. ಅದರ ಹಿಂಗೋಡೆ ಮಣ್ಣಿನ ಒತ್ತಡವನ್ನು ತಾಳುವ ತಡೆಗೋಡೆಯೂ ಹೌದು. ಗೋಡೆಯ ಹಿಂದೆ ಜಲ್ಲಿ ತುಂಬಿಸಿ, ನೀರು ಹೊರಬರಲು ಅಲ್ಲಲ್ಲಿ ಕೊಳವೆ ಇಡಿಸಿದೆವು. ತಡೆಗೋಡೆಯನ್ನು ಕೆಡಹುವುದು ಬರಿಯ ಮಣ್ಣಲ್ಲ, ಅದರ ಹಿಂದೆ ಕಟ್ಟಿ ನಿಂತ ನೀರು.

ನಮ್ಮ 1,500 ಚದರ ಅಡಿ ಮಾಡಿನ ಮೇಲೆ ಒಂದು ದಿನ 100 ಮಿ.ಮೀ. ಮಳೆ ಬಿದ್ದರೆ ಸುಮಾರು 14 ಸಾವಿರ ಲೀಟರು ನೀರಾಗುತ್ತದೆ. ಅದನ್ನೂ ಒರತೆಯ ನೀರನ್ನೂ ಕಲ್ಲು ಕಟ್ಟಿದ ಕಣಿಯಲ್ಲಿ ಬದಿಯಿಂದ ಇಳಿಸಿದೆವು, ಕೆಳಗಿನ ಮನೆಯವರ ಅಂಗಳಕ್ಕಲ್ಲ. ಶೌಚದ ಗುಂಡಿ ಬಾವಿಯಿಂದ ಕನಿಷ್ಠ 7.5 ಮೀಟರು ದೂರವಿರಬೇಕೆಂಬುದು ಕೇರಳದ ನಿಯಮ. ಇಳಿಜಾರಿನಲ್ಲಿ ನಮ್ಮ ಬಾವಿಯನ್ನು ಮಾತ್ರ ನೋಡಿದರೆ ಸಾಲದು. ಕೆಳಗಿನವರ ಬಾವಿಯನ್ನೂ ನೋಡಬೇಕು.

ಕೊನೆಗೊಂದು ಮಾತು. ನಕ್ಷೆಯ ಟಿಪ್ಪಣಿ, ಕರಾರು ಪತ್ರಗಳು ನಮ್ಮ ಕೈಗೆ ಬಂದದ್ದು ಮಲಯಾಳದಲ್ಲಿ. ಬಲ್ಲವರಿಂದ ಓದಿಸಿ, ಕನ್ನಡದಲ್ಲಿ ಅರ್ಥ ಬರೆದುಕೊಂಡ ಮೇಲೆಯೇ ರುಜು ಹಾಕಿದೆವು. ಹಾಗೆ ಓದಿಸಿದಾಗಲೇ ತಡೆಗೋಡೆಯ ಖರ್ಚು ಕರಾರಿನಲ್ಲಿ ಸೇರಿಲ್ಲವೆಂದು ತಿಳಿದದ್ದು.

ಮನೆ ಒಂದು ವರ್ಷ ತಡವಾಯಿತು. ಈಗ ರಾತ್ರಿ ಮಳೆ ಜಡಿಯುವಾಗ ಕಣಿಯಲ್ಲಿ ನೀರು ಹೋಗುವ ಸದ್ದು ಕೇಳುತ್ತದೆ. ಅದು ಕೇಳುತ್ತಿರುವಷ್ಟು ಹೊತ್ತು ನಮಗೆ ನಿಶ್ಚಿಂತೆ.